ಕಲ್ಲು ಬೆಂಚಿನ ಮೇಲಿನ ಹ್ಯಾಂಡಲ್ಲು

ಮೊನ್ನೆ ಹಳೇ ಕಬ್ಬಿಣದವನ ಜೊತೆ ನನಗೆ ಜಗಳವಾಯಿತು. ತಪ್ಪು ಅವನದೇನಲ್ಲ. ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡುವುದು ಅವನ ಕಸುಬು. ತೂತು ಬಿದ್ದ ಬಾಣಲೆ, ಹಿಡಿ ಮುರಿದ ಕುಡುಗೋಲು, ಕಾಲು ಕಳೆದುಕೊಂಡ ಇಳಿಗೆಮಣೆ ಎಲ್ಲವನ್ನೂ ತಕ್ಕಡಿಗೆ ಹಾಕಿದವನು ಕೊನೆಗೆ ಬಚ್ಚಲ ಒಲೆಯ ಪಕ್ಕ ಒರಗಿಸಿದ್ದ ಒಂದು ಡೊಂಕು ಸರಳನ್ನು ಎತ್ತಿಕೊಂಡ. "ಇದ್ಯಾತರದು ಬುದ್ಧಿ? ಒಳ್ಳೆ ತೂಕವಾಗದೆ. ಎಲ್ಡು ಸೇರು ಜಾಸ್ತಿ ಕೊಡ್ತೀನಿ, ಬುಡಿ" ಅಂದ.

"ಕೆಳಗಿಡೋ ಅದನ್ನ!" ಎಂದು ನಾನು ಕೂಗಿದ ರಭಸಕ್ಕೆ ಅವನ ತಕ್ಕಡಿಯೇ ಕೈಜಾರಿತು. ಒಳಗಿನಿಂದ ನನ್ನ ಹೆಂಡತಿ ತಾಯಮ್ಮ, "ಯಾಕ್ರೀ ಅಂಗೆ ಕಿರುಚ್ತೀರಿ, ಚೇಳು ಕಡೀತಾ?" ಎಂದು ಕೇಳಿದಳು.

"ಒಲೆ ಕೆದಕೋ ಕಬ್ಬಿಣಕ್ಕೆ ಇಷ್ಟು ರಂಪವಾ" ಎಂದು ಗೊಣಗುತ್ತ ಅವನು ಹೋದ. ಒಲೆ ಕೆದಕುವ ಕಬ್ಬಿಣ! ಸುಳ್ಳೇಕೆ ಹೇಳಲಿ, ಈಗ ನಮ್ಮ ಮನೆಯಲ್ಲಿ ಅದು ಮಾಡುತ್ತಿರುವ ಕೆಲಸ ಅದೇ. ಆದರೆ ಅದು ಕಾರಿನ ಹ್ಯಾಂಡಲ್ಲು. ಈ ಮಂಡ್ಯದಲ್ಲಿ ಕಾರಿದ್ದವರನ್ನು ಒಂದೇ ಕೈಯ ಬೆರಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ಅದರಲ್ಲೊಂದು ಬೆರಳು ನಾನಾಗಿದ್ದೆ. ಕಿರುಬೆರಳೇ ಇರಬಹುದು, ಬೆರಳಂತೂ ಹೌದು.

ಹ್ಯಾಂಡಲ್ಲು ಅಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಾಲದ ಕಾರುಗಳು ತಾವಾಗಿ ಏಳುತ್ತಿರಲಿಲ್ಲ. ಮೂತಿಯ ಕೆಳಗಿನ ತೂತಿಗೆ ಈ ಡೊಂಕು ಸರಳನ್ನು ತೂರಿಸಿ, ಬಗ್ಗಿ, ಉಸಿರು ಕಟ್ಟಿ ತಿರುಗಿಸಬೇಕಿತ್ತು. ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಯಲ್ಲೇ ಇರಬೇಕು. ಮರೆತು ಆ ಕಡೆ ಹಾಕಿದಿರೋ, ಇಂಜಿನ್ನು ಹಿಂದಕ್ಕೆ ಒದ್ದು ಬೆರಳನ್ನು ಮುರಿದುಬಿಡುತ್ತಿತ್ತು. ನನ್ನ ಬಲಗೈ ಹೆಬ್ಬೆರಳು ಇವತ್ತಿಗೂ ನೆಟ್ಟಗಿಲ್ಲ. ಕೋರ್ಟಿನಲ್ಲಿ ನಾನು ಸಾಕ್ಷಿಯ ಕಡೆ ಬೆರಳು ತೋರಿಸಿದರೆ ಈ ಹೆಬ್ಬೆರಳು ಜಡ್ಜರ ಕಡೆಗೆ ತೋರುತ್ತಿತ್ತು. ನನ್ನ ವಕೀಲಿಕೆ ಏಳಿಗೆಯಾಗದ್ದಕ್ಕೆ ಅದೂ ಒಂದು ಕಾರಣ ಎಂದು ನಾನು ಹೇಳುತ್ತೇನೆ. ತಾಯಮ್ಮ ಬೇರೆ ಕಾರಣಗಳನ್ನು ಹೇಳುತ್ತಾಳೆ.

ತಿರುಗಿಸುವ ಕೆಲಸ ನನಗೆ ಹೊಸದೇನಾಗಿರಲಿಲ್ಲ. ಕೊಪ್ಪದ ಹತ್ತಿರ ನಮ್ಮ ಅಜ್ಜನ ಆಲೆಮನೆ ಇತ್ತು. ಕಬ್ಬು ಅರೆಯುವ ಗಾಣಕ್ಕೆ ಎತ್ತು ಕಟ್ಟಿದರೆ ಅದರ ಹಿಂದಿನ ಮರದ ತೊಲೆಯ ಮೇಲೆ ನನ್ನನ್ನು ಕೂರಿಸುತ್ತಿದ್ದರು. ಬೆಳಗಿನಿಂದ ಬೈಗಿನವರೆಗೆ ಸುತ್ತೋ ಸುತ್ತು. ಒಂದು ಕೈಯಲ್ಲಿ ಚಾಟಿ, ಇನ್ನೊಂದರಲ್ಲಿ ಎಲೆಯ ಮೇಲೆ ಹಾಕಿಕೊಟ್ಟ ಬಿಸಿ ಬೆಲ್ಲದ ಪಾಕ. ಇಳಿದ ಮೇಲೂ ಭೂಮಿ ತಿರುಗುತ್ತಲೇ ಇರುತ್ತಿತ್ತು, ಊಟದ ಎಲೆ ಯಾವ ಕಡೆ ಇದೆ ಎಂದು ಹುಡುಕಬೇಕಾಗುತ್ತಿತ್ತು. ಲೋಕದಲ್ಲಿ ತಿರುಗುವುದೆಲ್ಲ ಎತ್ತಿನಿಂದಲೇ ತಿರುಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಆಮೇಲೆ ಓದಿ, ಲಾಯರಾಗಿ, ಕಾರಿಟ್ಟು, ಎತ್ತುಗಳಿಂದ ಪಾರಾದೆ ಅಂದುಕೊಂಡೆ. ಪಾರಾಗಿರಲಿಲ್ಲ ಎಂಬುದೇ ನಾನೀಗ ಹೇಳಹೊರಟಿರುವ ವಿಷಯ.

ನಾಲೆ ಕೆಲಸ ಮುಗಿದಾಗ ಅಲ್ಲಿ ಓಡಿ ಓಡಿ ಸವೆದಿದ್ದ ಐದು ಕಾರುಗಳನ್ನು ಹರಾಜು ಹಾಕಿದರು. ಐದೂ ಒಂದೇ ಕಂಪನಿಯವು, ಒಂದೇ ತಾಯಿಯ ಮಕ್ಕಳು. ಒಂದನ್ನು ನಾನು ಹಿಡಿದೆ. ಗೌರಿ ಹಬ್ಬದ ದಿನ ಮನೆಗೆ ಬಂದದ್ದರಿಂದ ಅದಕ್ಕೆ ಗೌರಿ ಎಂದೇ ಹೆಸರಾಯಿತು. ಬೆಲ್ಲದ ಮಂಡಿ ಬೋರೇಗೌಡ ಒಂದನ್ನು ಕೊಂಡು 'ಕೋಣ' ಎಂದು ಕರೆದ. ಸೌದೆ ಡಿಪೋ ಗಫಾರ್ ಸಾಹೇಬರದು 'ಬೇಗಂ'. ಡಾಕ್ಟರ್ ಶ್ರೀಕಂಠಯ್ಯನವರು ಹೆಸರಿಟ್ಟಿರಲಿಲ್ಲ, ಅದು ಕೂತಲ್ಲೇ ಕೂತಿರುತ್ತಿದ್ದುದನ್ನು ನೋಡಿ ನಾವೇ 'ಪೆನ್ಷನ್' ಎಂದು ಇಟ್ಟೆವು. ಐದನೆಯದು ಕಂದಾಯ ವಸೂಲಿಯ ಶೇಕದಾರ್ ರಂಗಪ್ಪನವರದು.

ಭಾನುವಾರ ಬೆಳಿಗ್ಗೆ ಐವರೂ ನಾಲೆಯ ಪಕ್ಕದ ಹೊಂಗೆಮರದ ಕೆಳಗೆ ಸೇರುತ್ತಿದ್ದೆವು. ಅಲ್ಲೊಂದು ಉದ್ದನೆಯ ಕಲ್ಲು ಬೆಂಚು. ಕಾರು ನಿಲ್ಲಿಸಿ, ಹ್ಯಾಂಡಲ್ಲು ತಂದು ಬೆಂಚಿನ ಮೇಲೆ ಇಟ್ಟು, ಅದರ ಪಕ್ಕ ಕೂರುವುದು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಹ್ಯಾಂಡಲ್ಲಿಟ್ಟ ಜಾಗ ಅವರದು, ಅಷ್ಟೆ. ಇನ್ನೊಂದು ಕಟ್ಟುಪಾಡೂ ಇತ್ತು. ದಾರಿಯಲ್ಲಿ ಒಬ್ಬರ ಕಾರು ಕೆಟ್ಟರೆ, ಕೇಳಿದ ಸಾಮಾನಿಗೆ ಇನ್ನೊಬ್ಬರು ಇಲ್ಲ ಅನ್ನಬಾರದು.

ಯುದ್ಧ ಬಂದು ಪೆಟ್ರೋಲಿಗೆ ಕೂಪನ್ ಆದಾಗ ಮೊದಲು ಕಾರು ಮಾರಿದವರು ಶೇಕದಾರರು. ಕೊಂಡವನು ಹ್ಯಾಂಡಲ್ಲನ್ನೂ ಒಯ್ದ. ಮುಂದಿನ ಭಾನುವಾರ ಅವರು ನಡೆದುಕೊಂಡು ಬಂದು ಬೆಂಚಿನ ಮುಂದೆ ನಿಂತು ಮಾತಾಡಿದರು. ನಾವು ಕೂರಿ ಅನ್ನಲಿಲ್ಲ. ಬೇಕೆಂದೇನೂ ಅಲ್ಲ, ಅವರು ಕೂತಿಲ್ಲವೆಂದು ನಮಗೆ ಹೊಳೆಯಲೇ ಇಲ್ಲ. ಅದರ ಮುಂದಿನ ಭಾನುವಾರವೂ ಹೊಂಗೆಯ ಬೇರಿನ ಮೇಲೆ ಒಂದು ಕಾಲಿಟ್ಟುಕೊಂಡು ನಿಂತೇ ಇದ್ದರು. ಮೂರನೆಯ ಭಾನುವಾರ ಬರಲಿಲ್ಲ. ಏನೋ ಕೆಲಸವಿರಬೇಕು ಅಂದುಕೊಂಡೆವು.

ಎರಡು ವರ್ಷ ಕಳೆದು ನನ್ನ ಸರದಿ ಬಂತು. ತಾಯಮ್ಮನಿಗೆ ತವರಿನಿಂದ ಬಂದ ಒಂದಿಷ್ಟು ಗದ್ದೆ ಉಳಲು ಎತ್ತಿರಲಿಲ್ಲ. ಒಂದು ದಿನ ಅನ್ನ ಬಡಿಸುತ್ತ ಮಾತು ತೆಗೆದಳು. "ಎತ್ತು ಉಲ್ಲು ತಿಂದ್ರೂ ಗೊಬ್ರ ಆಕ್ತದೆ. ನಿಮ್ ಗೌರಿ ಏನ್ ಆಕ್ತಾಳೆ? ಬರೀ ಒಗೆ."

ಅವಳೇ ಗಿರಾಕಿಯನ್ನೂ ಹುಡುಕಿದ್ದಳು. ಮಳವಳ್ಳಿಯಲ್ಲಿ ಹಿಟ್ಟಿನ ಮಿಷನ್ ಪುಟ್ಟಮಾದಪ್ಪ ಅಂತ ಒಬ್ಬ, ಅವನಿಗೆ ಮಿಷನ್ ತಿರುಗಿಸಲು ಇಂಜಿನ್ ಬೇಕಾಗಿತ್ತು. ಬದಲಿಗೆ ಒಂದು ಜೋಡಿ ಎತ್ತು ಕೊಡುತ್ತೇನೆಂದ. ಆದರೆ ಒಂದು ಮಾತು ಹೇಳಿ ಕಳಿಸಿದ್ದ. "ತನ್ ಕಾಲಲ್ಲಿ ನಡ್ಕಂಡು ನಮ್ ಬಾಗ್ಲಿಗೆ ಬಂದ್ರೆ ತಕತೀನಿ. ಎಳ್ಕಂಡು ಬಂದ್ರೆ ಅಂಗೇ ಎಳ್ಕಂಡು ಓಗಿ."

ತಾಯಮ್ಮನ ಎದುರು ನಾನು ವಾದ ಗೆದ್ದ ದಾಖಲೆ ಇಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ರಾತ್ರಿಯಿಂದ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಗೌರಿಯಲ್ಲ, ಹೊಂಗೆಯ ಬೇರಿನ ಮೇಲೆ ಕಾಲಿಟ್ಟು ನಿಂತ ಶೇಕದಾರರು. ನಾನೂ ಹಾಗೇ ನಿಲ್ಲಬೇಕಲ್ಲ! ಎಷ್ಟು ಭಾನುವಾರ ನಿಂತೇನು? ಈ ಮೂವರನ್ನು ಬಿಟ್ಟರೆ ನನಗೆ ಈ ಊರಲ್ಲಿ ಕೂತು ಮಾತಾಡಲು ಇನ್ಯಾರಿದ್ದಾರೆ?

ಬೆಂಚಿನ ಮೇಲೆ ವಿಷಯ ಹೇಳಿದೆ. ಬೋರೇಗೌಡ ನನ್ನ ಬೆನ್ನಿಗೊಂದು ಗುದ್ದಿದ. "ಎಣ್ಣು ಕಳ್ಸಿಕೊಡಾಕೆ ಒಬ್ನೇ ಓಗ್ತೀಯೇನ್ಲಾ? ನಾವೂ ಬತ್ತೀವಿ ಕಣ್ಲಾ. ನಾಲ್ಕೂ ಕಾರು ಓಗ್ಲಿ."

ಗಫಾರ್ ಸಾಹೇಬರು ತಲೆದೂಗಿ, "ದಾರೀಲಿ ಗೌರಿಗೆ ಏನಾದ್ರೂ ಆದ್ರೆ ನಾವಿರಬೇಕು ಲಾಯರ್ರೆ" ಅಂದರು. ಅವರು ಸಮಾಧಾನಕ್ಕೆ ಹೇಳಿದ್ದು. ನನಗಾದರೋ ಒಳಗೊಳಗೇ ಒಂದು ಆಸೆ ಮೊಳೆಯಿತು. ದಾರಿಯಲ್ಲಿ ಗೌರಿಗೆ ಏನಾದರೂ ಆಗಬಾರದೇ ದೇವರೇ, ಎಂದು.

ಹೊರಟ ಬೆಳಿಗ್ಗೆ ತಾಯಮ್ಮ ಗೌರಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು. ಅಷ್ಟು ದಿನ ಬೈದವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಕೇಳಿದ್ದಕ್ಕೆ ಹೊಗೆ ಅಂದಳು. ಎತ್ತಿನ ಹಲ್ಲು ನೋಡಲು ನಿಮಗೆ ಬರುವುದಿಲ್ಲವೆಂದು, ಮೊಸರನ್ನದ ಡಬರಿ ತೊಡೆಯ ಮೇಲಿಟ್ಟುಕೊಂಡು ತಾನೂ ಕೂತಳು. ಮೊದಲು ಕೋಣ, ಆಮೇಲೆ ಬೇಗಂ, ಆಮೇಲೆ ಪೆನ್ಷನ್, ಕಟ್ಟಕಡೆಗೆ ಗೌರಿ. ಗೌರಿ ಯಾವಾಗಲೂ ನಾಲ್ಕನೆಯದೇ. ಮಂಡ್ಯದಿಂದ ಮದ್ದೂರಾಗಿ ಮಳವಳ್ಳಿಗೆ ಮೂವತ್ತು ಮೈಲಿ ಆದೀತು. ಈಗಿನವರು ನಗಬೇಡಿ, ನಮ್ಮ ಕಾರುಗಳಿಗೆ ಅದು ಕಾಶಿಯಾತ್ರೆ.

ನನ್ನ ಪ್ರಾರ್ಥನೆ ಮದ್ದೂರಿನಲ್ಲೇ ಫಲಿಸಿತು. ಶಿಂಷಾ ಸೇತುವೆ ಹತ್ತಿರ ಬರುತ್ತಿದ್ದಂತೆ ಗೌರಿಯ ಫ್ಯಾನ್ ಬೆಲ್ಟ್ ತುಂಡಾಗಿ, ನೀರು ಕುದಿದು, ಮುಂದೇನೂ ಕಾಣದಷ್ಟು ಹಬೆ ಎದ್ದಿತು. "ಆಯ್ತು ಬಿಡಿ, ಋಣ ಇಲ್ಲ. ವಡೆ ತಿಂದು ವಾಪಸ್ ಹೋಗೋಣ" ಎಂದೆ. ದನಿಯಲ್ಲಿ ದುಃಖ ತುಂಬಲು ಬಹಳ ಕಷ್ಟಪಟ್ಟೆ.

ಗಫಾರ್ ಸಾಹೇಬರು ಆಗಲೇ ಬೇಗಂನ ಬಾನೆಟ್ ಎತ್ತಿದ್ದರು. "ಹಾಗೆಲ್ಲ ಬಾಯಿಬಿಟ್ಟು ಅನ್ನಬಾರದು ಲಾಯರ್ರೆ. ತಗೊಳ್ಳಿ, ಬೇಗಂ ಬೆಲ್ಟು."

"ಮತ್ತೆ ಬೇಗಂ?"

"ಇಲ್ಲೇ ಹೋಟೆಲ್ ಮುಂದೆ ನೆರಳಲ್ಲಿರ್ತಾಳೆ. ನಾನು ನಿಮ್ಮ ಜೊತೆ ಬರ್ತೀನಿ."

ವಡೆಯ ಪೊಟ್ಟಣದೊಂದಿಗೆ ಅವರು ಗೌರಿ ಹತ್ತಿದರು. ನನ್ನ ಪಾಲಿನ ವಡೆಯನ್ನು ನಾನು ತಾಯಮ್ಮನ ಕೈಗೆ ಕೊಟ್ಟೆ.

ಮದ್ದೂರು ದಾಟಿದ ಮೇಲೆ ಒಂದು ದೊಡ್ಡ ದಿಣ್ಣೆ. ಇಲ್ಲಿ ಪೆನ್ಷನ್ನಿನ ಗುಣ ಹೇಳಲೇಬೇಕು. ನಮ್ಮೆಲ್ಲರ ಕಾರುಗಳಂತೆ ಅದರ ಪೆಟ್ರೋಲ್ ಟ್ಯಾಂಕೂ ಸೀಟಿನ ಕೆಳಗೆ, ಆದರೆ ಡಾಕ್ಟರು ಹಾಕಿಸುತ್ತಿದ್ದುದು ಎಲ್ಲರಿಗಿಂತ ಕಮ್ಮಿ. ಟ್ಯಾಂಕು ತುಂಬಿದ್ದರೆ ಸರಿ, ಕೂಪನ್ ಕಾಲದಲ್ಲಿ ತುಂಬುವುದೆಲ್ಲಿ ಬಂತು? ತಳದಲ್ಲಿದ್ದ ಪೆಟ್ರೋಲು, ದಿಣ್ಣೆ ಹತ್ತುವಾಗ ಮೂತಿ ಮೇಲಾದರೆ ಇಂಜಿನ್ನಿಗೆ ಹರಿಯುತ್ತಿರಲಿಲ್ಲ. ಆದ್ದರಿಂದ ಡಾಕ್ಟರು ದಿಣ್ಣೆ ಬಂದಾಗಲೆಲ್ಲ ಕಾರನ್ನು ತಿರುಗಿಸಿ, ರಿವರ್ಸಿನಲ್ಲಿ, ಹಿಂಭಾಗ ಮುಂದಾಗಿ ಹತ್ತುತ್ತಿದ್ದರು. ಅವರ ಹಿಂದೆ ನಾನು. ಹೀಗಾಗಿ ಇಡೀ ದಿಣ್ಣೆ ಅವರ ಮುಖ ನನ್ನ ಕಡೆ, ನನ್ನ ಮುಖ ಅವರ ಕಡೆ. ಮನೆಯ ಜಗುಲಿಯಲ್ಲಿ ಎದುರುಬದುರು ಕೂತವರ ಹಾಗೆ ಅವರು ಕೂಗಿ ಕ್ಷೇಮಸಮಾಚಾರ ಕೇಳುತ್ತಿದ್ದರು.

"ಲಾಯರ್ರೇ, ರಾತ್ರಿ ನಿದ್ದೆ ಬಂತೇ?"

"ಹಿಂದೆ ನೋಡಿ ಡಾಕ್ಟ್ರೇ, ಗಾಡಿ ಬರ್ತಾ ಇದೆ!"

"ನಾಲಿಗೆ ತೋರ್ಸಿ ನೋಡೋಣ!"

ನಾನು ನಾಲಿಗೆ ತೋರಿಸಿದೆ. ಎದುರಿಗೆ ಬರುತ್ತಿದ್ದ ಗಾಡಿಯವನು, ಬೆನ್ನು ಮಾಡಿ ಬರುವ ಒಂದು ಕಾರು, ಅದರ ಹಿಂದೆ ನಾಲಿಗೆ ಚಾಚಿಕೊಂಡ ಒಬ್ಬ ಕರೀ ಕೋಟಿನವನನ್ನು ನೋಡಿ ಗಾಡಿಯನ್ನು ಗದ್ದೆಗೇ ಇಳಿಸಿಬಿಟ್ಟ. ತಾಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, "ಥೂ, ನಮ್ ಕಡೆ ಜನ ಯಾರೂ ನೋಡ್ದಿದ್ರೆ ಸಾಕಪ್ಪ" ಅಂದಳು.

ಕಾಳಮುದ್ದನದೊಡ್ಡಿಯ ಹತ್ತಿರ ಗೌರಿ ಕೆಮ್ಮಿ, ಕುಲುಕಿ, ನಿಂತಳು. ಪ್ಲಗ್ಗುಗಳು ಸುಟ್ಟು ಕರಕಲಾಗಿದ್ದವು. ನನ್ನ ಎದೆ ಹಗುರವಾಯಿತು. "ಇನ್ನು ಸಾಧ್ಯವಿಲ್ಲ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಪೆನ್ಷನ್ನಿನ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಕರವಸ್ತ್ರದಲ್ಲಿ ಒರೆಸಿ, ನಾಡಿ ಹಿಡಿಯುವ ನಾಜೂಕಿನಲ್ಲಿ ಗೌರಿಗೆ ತೊಡಿಸುತ್ತಿದ್ದರು. ಪೆನ್ಷನ್ನನ್ನು ಹುಣಸೆಮರದ ಕೆಳಗೆ, ಅಲ್ಲಿ ಎಲೆಅಡಿಕೆ ಮಾರುತ್ತಿದ್ದ ಅಜ್ಜಿಗೆ ಒಪ್ಪಿಸಿ, ಅವರೂ ಗೌರಿ ಹತ್ತಿದರು. ನಾನು ಅವರನ್ನು ಬಾಯಿತುಂಬ ಬೈಯಬೇಕೆಂದುಕೊಂಡೆ. ಕೈ ಹಿಡಿದು ಥ್ಯಾಂಕ್ಸ್ ಅಂದೆ.

ಮಳವಳ್ಳಿ ಇನ್ನು ಮೂರು ಮೈಲಿ ಇದೆ ಅನ್ನುವಾಗ ಒಂದು ಕೆರೆ ಏರಿಯ ಮೇಲೆ ಗೌರಿಯ ಪೆಟ್ರೋಲು ಮುಗಿಯಿತು. ಪೆಟ್ರೋಲಂತೂ ಯಾರೂ ಕೊಡಲಾರರು, ಬಂಗಾರ ಕೊಟ್ಟಾರು ಎಂದು ನಾನು ಧೈರ್ಯವಾಗಿದ್ದೆ. ಬೋರೇಗೌಡ ಕೋಣನ ಟ್ಯಾಂಕಿಗೆ ರಬ್ಬರ್ ನಳಿಗೆ ಇಳಿಬಿಟ್ಟು ಬಾಯಲ್ಲಿ ಎಳೆದ. ಅರ್ಧ ಅವನ ಹೊಟ್ಟೆಗೆ, ಅರ್ಧ ಗೌರಿಯ ಹೊಟ್ಟೆಗೆ. ಎರಡು ದಿನ ಅವನು ತೇಗಿದರೆ ಬೀಡಿ ಸೇದುವವರು ದೂರ ಹೋಗುತ್ತಿದ್ದರು.

"ಪೂರಾ ಯಾಕೆ ಸುರೀತೀಯೋ? ಅರ್ಧ ಇಟ್ಕೋ" ಎಂದೆ. ಈ ಸಲ ನನ್ನ ದುಃಖ ನಿಜವಾದ್ದು.

"ಅರ್ಧರ್ಧ ಮಾಡುದ್ರೆ ಇಬ್ರೂ ಓಗಕ್ಕಾಗಕಿಲ್ಲ. ಪೂರಾ ಉಯ್ದ್ರೆ ನಿಂದಾದ್ರೂ ಓಯ್ತದೆ. ಸುಮ್ಕಿರ್ಲಾ" ಅಂದ.

ಹೀಗೆ ಮಂಡ್ಯ ಬಿಟ್ಟ ನಾಲ್ಕು ಕಾರುಗಳಲ್ಲಿ ಒಂದು ಮಳವಳ್ಳಿ ಮುಟ್ಟಿತು. ಅದರೊಳಗೆ ಐದು ಜನ, ಒಂದು ಡಬರಿ, ಬೇಗಂನ ಬೆಲ್ಟು, ಪೆನ್ಷನ್ನಿನ ಪ್ಲಗ್ಗು, ಕೋಣನ ಪೆಟ್ರೋಲು. ಗೌರಿ ಜನ್ಮದಲ್ಲೇ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಪುಟ್ಟಮಾದಪ್ಪನ ಬಾಗಿಲಿಗೆ ಗರತಿಯ ಹಾಗೆ ಹೋಗಿ ನಿಂತಳು.

ಪುಟ್ಟಮಾದಪ್ಪ ಗೌರಿಯ ಒಂದೊಂದು ಅಂಗಕ್ಕೂ ಮೊದಲೇ ಒಂದೊಂದು ಜಾಗ ಗೊತ್ತು ಮಾಡಿಟ್ಟಿದ್ದ. ಇಂಜಿನ್ನು ಮಿಷನ್ನಿಗೆ, ಚಕ್ರ ಗಾಡಿಗೆ, ಸೀಟು ಅವರವ್ವನಿಗೆ ಜಗುಲಿಯ ಮೇಲೆ ಕೂರಲು, ಹಾರನ್ನು ಗದ್ದೆಯಲ್ಲಿ ಹಕ್ಕಿ ಓಡಿಸಲು. ನಾನು ಮುಖ ತಿರುಗಿಸಿಕೊಂಡೆ. ತಾಯಮ್ಮ ಎತ್ತಿನ ತುಟಿ ಮೇಲೆತ್ತಿ, "ಆರಲ್ಲು, ಎಲ್ಡೂ ಸರಿ ಅವೆ" ಎಂದು ತೀರ್ಪು ಕೊಟ್ಟಳು. ನಾನು ಹ್ಯಾಂಡಲ್ಲನ್ನು ಅವನ ಕೈಗೆ ಕೊಡಹೋದೆ.

"ಇದ್ಯಾಕೆ ನಂಗೆ? ಬೆಲ್ಟ್ ಎಳುದ್ರೆ ಸುರುವಾಯ್ತದೆ. ನೀವೇ ಮಡಿಕಳಿ" ಅಂದ.

ಎತ್ತಿನ ಹಗ್ಗ ನನ್ನ ಕೈಗೆ ಬಂತು. ಆಗ ಗಫಾರ್ ಸಾಹೇಬರು ನಿಧಾನವಾಗಿ, "ಬೋರೇಗೌಡ್ರೇ, ನಾವು ಹೋಗೋದು ಹೇಗೆ?" ಎಂದು ಕೇಳಿದರು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಬ್ಬ ಡಾಕ್ಟರು, ಒಬ್ಬ ಲಾಯರು, ಇಬ್ಬರು ವ್ಯಾಪಾರಸ್ಥರು. ಬೆಳಗಿನಿಂದ ಒಂದೊಂದೇ ಕಾರನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತ ಬಂದವರು, ವಾಪಸ್ ಹೋಗಬೇಕೆಂಬುದನ್ನು ಒಬ್ಬರೂ ಯೋಚಿಸಿರಲಿಲ್ಲ! ಬೆಲ್ಟನ್ನಾದರೂ ಕೊಡಪ್ಪ ಎಂದು ಡಾಕ್ಟರು ಕೇಳಿದರು. "ಬಂದದ್ದು ಬಂದಂಗೆ ಅಂತ ಮಾತು. ನಾನೇನು ಎತ್ತಿನ ಬಾಲ ಕುಯ್ಕಂಡು ಕೊಟ್ನಾ?" ಎಂದ ಪುಟ್ಟಮಾದಪ್ಪ. ವಕೀಲನಾದ ನಾನೇ ಹೌದೆಂದು ತಲೆಯಾಡಿಸಿದೆ.

"ನಂಗೆ ಕಾಳಮುದ್ದನದೊಡ್ಡೀಲೇ ಗೊತ್ತಾಯ್ತು" ಅಂದಳು ತಾಯಮ್ಮ, ಡಬರಿ ತೊಳೆಯುತ್ತ.

"ಮತ್ತೆ ಬಾಯಿ ಬಿಡೋದಲ್ವೇ!"

"ಬುಟ್ಟಿದ್ರೆ ನೀವು ಅಲ್ಲಿಂದ್ಲೇ ವಾಪಸ್ ತಿರುಗ್ತಿದ್ರಿ. ನಿಮ್ ಮೊಕ ಓದಾಕೆ ಬರಾಕಿಲ್ವಾ ನಂಗೆ? ಎತ್ತು ಅವಲ್ಲ, ಕಟ್ಟಿ."

ಕಟ್ಟಿದೆವು. ಕೆರೆ ಏರಿಯವರೆಗೆ ನಡೆದು ಹೋಗಿ, ನೊಗಕ್ಕೆ ಬಾವಿ ಹಗ್ಗ ಬಿಗಿದು, ಹಗ್ಗಕ್ಕೆ ಕೋಣನನ್ನು. ಬೋರೇಗೌಡ ಹೊಡೆಯಲು ಹೋದರೆ ಎತ್ತುಗಳು ಪೆಟ್ರೋಲಿನ ತೇಗಿಗೆ ಬೆದರಿ ಗದ್ದೆಗೆ ಎಳೆದವು. ಕೊನೆಗೆ ಹಗ್ಗ ನಾನು ಹಿಡಿದೆ. ಹ್ಯಾಂಡಲ್ಲನ್ನು ಕೋಣನ ಸೀಟಿನ ಮೇಲೆ ಎಸೆದು, ಬಾಯಲ್ಲಿ ಅಜ್ಜನ ಗಾಣದ ಸದ್ದು ಮಾಡಿದೆ. ಮೂವತ್ತು ವರ್ಷದ ಮೇಲೂ ಅದು ಬಾಯಲ್ಲೇ ಇತ್ತು. ಎತ್ತುಗಳು ಕಿವಿ ಆಡಿಸಿ ನಡೆದವು. ದೊಡ್ಡಿಯಲ್ಲಿ ಕೋಣನ ಬಾಲಕ್ಕೆ ಪೆನ್ಷನ್ನು, ಮಾರನೆಯ ದಿನ ಮದ್ದೂರಿನಲ್ಲಿ ಅದರ ಬಾಲಕ್ಕೆ ಬೇಗಂ. ದಿಣ್ಣೆ ಬಂದಾಗ ಎಲ್ಲರೂ ಇಳಿದು ತಳ್ಳುವುದು, ತಾಯಮ್ಮ ಒಬ್ಬಳು ಕೋಣನಲ್ಲಿ ಕೂತು ಸ್ಟೀರಿಂಗ್ ಹಿಡಿಯುವುದು. ಸಂಜೆ ಮಂಡ್ಯದ ಪೇಟೆಬೀದಿಯಲ್ಲಿ ಹೋಗುವಾಗ ಅಂಗಡಿಯವರೆಲ್ಲ ಎದ್ದು ನಿಂತಿದ್ದರು. ಜನ್ಮದಲ್ಲಿ ಮೊದಲ ಸಲ ನಾನು ನಾಲ್ಕನೆಯವನಾಗಿರಲಿಲ್ಲ, ಎಲ್ಲರಿಗಿಂತ ಮುಂದಿದ್ದೆ.

ಆ ಸಂತೋಷ ಭಾನುವಾರದವರೆಗೆ ಮಾತ್ರ. ಭಾನುವಾರ ಬೆಳಿಗ್ಗೆ ನಾನು ಜಗುಲಿ ಬಿಟ್ಟು ಏಳಲಿಲ್ಲ. ತಾಯಮ್ಮ ಎರಡು ಸಲ ನೋಡಿ ಹೋದಳು. ಮೂರನೆಯ ಸಲ ಬಂದು ಎತ್ತಿನ ಹಗ್ಗ ಕೈಗೆ ಕೊಟ್ಟಳು. "ನಾಲೇಲಿ ಮೈ ತೊಳ್ಕಂಡು ಬನ್ನಿ. ಹೊಂಗೆಮರದ ತಾವೇ ಇಳಿಯಾಕೆ ಚೆಂದಾಗಿರಾದು."

ಮೂವರೂ ಬೆಂಚಿನ ಮೇಲಿದ್ದರು. ಮಾತಾಡಿಸಿದರು, ಎತ್ತು ಹೇಗಿವೆ ಎಂದು ಕೇಳಿದರು. ನಾನು ಹಗ್ಗ ಹಿಡಿದು ನಿಂತುಕೊಂಡೇ ಉತ್ತರ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಳ್ಳುತ್ತೇನೆ, ನನ್ನ ಒಂದು ಕಾಲು ಹೊಂಗೆಯ ಬೇರಿನ ಮೇಲಿತ್ತು. ನನಗೆ ಅಳು ಬಂತು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಯಾಕ್ಲಾ ನಿಂತೇ ಇದ್ದೀಯೆ? ಕುಂತ್ಕೊಳ್ಳಾ" ಎಂದ ಬೋರೇಗೌಡ.

"ಹ್ಯಾಂಡಲ್ಲಿಲ್ಲವಲ್ಲೋ" ಎಂದೆ.

ಅವನು ಪಕ್ಕದಲ್ಲಿದ್ದ ಟವೆಲನ್ನು ಎತ್ತಿದ. ಅದರ ಕೆಳಗೆ ನನ್ನ ಜಾಗದಲ್ಲಿ, ಕೋಣನ ಸೀಟಿನ ಮೇಲೆ ನಾನು ಎಸೆದು ಮರೆತಿದ್ದ ಗೌರಿಯ ಹ್ಯಾಂಡಲ್ಲು ಇತ್ತು. ಎಣ್ಣೆ ಹಾಕಿ ಒರೆಸಿದ್ದರು.

"ಎತ್ತು ಸ್ಟಾರ್ಟ್ ಮಾಡೋಕೆ ಇದು ಬೇಡ" ಎಂದರು ಡಾಕ್ಟರು. "ಇಲ್ಲಿ ಕೂರೋಕೆ ಬೇಕು. ಕೂತ್ಕೊಳ್ಳಿ."

ನಾನು ಕೂತೆ. ನಾಲ್ವರೂ ಹೊಂಗೆಯ ಬೇರನ್ನೇ ನೋಡುತ್ತಿದ್ದೆವು. ಕೊನೆಗೆ ಗಫಾರ್ ಸಾಹೇಬರು, "ಶೇಕದಾರರನ್ನ ನಾವು ನಿಲ್ಲಿಸಿಬಿಟ್ವಲ್ಲ ಲಾಯರ್ರೆ" ಎಂದರು.

ಆ ವಾರವೇ ಕುಲುಮೆ ಆಚಾರಿಯ ಹತ್ತಿರ ಕೂತು ಇನ್ನೊಂದು ಹ್ಯಾಂಡಲ್ಲು ಬಡಿಸಿದೆವು. ಅಳತೆಗೆ ಕಾರಿರಲಿಲ್ಲ, ಅಂದಾಜಿನಲ್ಲಿ ಬಡಿಸಿದ್ದು. ಅದು ಲೋಕದ ಯಾವ ಕಾರಿಗೂ ಕೂಡುತ್ತಿರಲಿಲ್ಲ. ನಾಲ್ವರೂ ಎತ್ತಿನ ಗಾಡಿಯಲ್ಲಿ ಹೋಗಿ ಶೇಕದಾರರ ಬಾಗಿಲು ತಟ್ಟಿ ಅದನ್ನು ಕೈಗಿಟ್ಟೆವು. ಕ್ಷಮಿಸಿ ಎನ್ನಲು ನಾಲ್ವರಿಗೂ ಬಾಯಿ ಬರಲಿಲ್ಲ. ಅವರು ಅದನ್ನು ತಿರುಗಿಸಿ ನೋಡಿ, ಒಳಗೆ ತೆಗೆದುಕೊಂಡು ಹೋದರು.

ಮುಂದಿನ ಭಾನುವಾರ ನಡೆದುಕೊಂಡು ಬಂದರು. ಹೆಗಲ ಮೇಲಿನ ವಲ್ಲಿಯಿಂದ ಕಲ್ಲನ್ನು ಒರೆಸಿ, ಹ್ಯಾಂಡಲ್ಲನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಕೂತರು. ನಾಲೆಯ ಕಡೆ ನೋಡುತ್ತ, "ನನ್ನ ಕಾರಿನ ಕಾರ್ಬುರೇಟರ್ ಯಾಕೋ ಸರಿಯಿಲ್ಲ ಕಣ್ರಯ್ಯ" ಅಂದರು.

ಆ ಕಾರು ಅವರನ್ನು ಬಿಟ್ಟು ಹೋಗಿ ಎರಡು ವರ್ಷ ದಾಟಿತ್ತು. ಯಾರೂ ನಗಲಿಲ್ಲ.

"ಮುಂದಿನ ವಾರ ಬಿಚ್ಚಿ ನೋಡೋಣ" ಎಂದರು ಡಾಕ್ಟರು.